ವಸಾಯಿ ಕೋಟೆಗೆ ಕಾರು ತಿರುಗಿಸಬೇಕೆ?

ನವಿ ಮುಂಬಯಿಯ ನೆರೂಳದ ಕನ್ನಡ ಮನೆಗಳಲ್ಲಿ ದೊಡ್ಡ ರಜೆ ಬಂತೆಂದರೆ ಕಾರು ಊರಿನ ದಾರಿ ಹಿಡಿಯುತ್ತದೆ. ಉಡುಪಿ, ಹುಬ್ಬಳ್ಳಿ, ಕಲಬುರಗಿ, ಹೀಗೆ ಅವರವರ ಊರು. ಎರಡು ದಿನದ ರಜೆಯಾದರೆ ಊರು ದೂರವಾಯಿತು, ಮಾಲ್ ಸಾಕಾಗಿದೆ. ಆಗ ಯಾರಾದರೊಬ್ಬರು ಪೋರ್ಚುಗೀಸರ ಕೋಟೆಗಳ ಮಾತೆತ್ತುತ್ತಾರೆ. ವಸಾಯಿ, ರೇವದಂಡ, ಕೊರ್ಲೈ ಎಲ್ಲವೂ ಒಂದೇ ದಿನದಲ್ಲಿ ಹೋಗಿಬರುವಷ್ಟು ದೂರದಲ್ಲಿವೆ. ಮನೆಯೊಳಗೆ ವಾದ ಶುರುವಾಗುವುದೂ ಅಲ್ಲಿಂದಲೇ.

ಬೇಡವೆನ್ನುವವರ ಮಾತನ್ನು ಮೊದಲು ಕೇಳೋಣ. ನಮ್ಮನ್ನು ಆಳಿದವರ ಕಲ್ಲುಗೋಡೆ ನೋಡಲು ಪೆಟ್ರೋಲ್ ಸುಡಬೇಕೆ? ಮಕ್ಕಳಿಗೆ ಬಾದಾಮಿ, ಹಂಪಿ ತೋರಿಸಿದ್ದೇವೆಯೇ? ವಸಾಯಿಯ ಇಗರ್ಜಿಗಳು ಎದ್ದ ಕಾಲದಲ್ಲೇ ಗೋವೆಯಲ್ಲಿ ಇನ್‌ಕ್ವಿಸಿಷನ್ ನಡೆಯುತ್ತಿತ್ತು. 1560ರಲ್ಲಿ ಆರಂಭವಾದ ಆ ಧಾರ್ಮಿಕ ನ್ಯಾಯಾಲಯ 1812ರವರೆಗೂ ಉಳಿಯಿತು. ಕರಾವಳಿಯಿಂದ ಬಂದ ಅನೇಕ ಕುಟುಂಬಗಳಿಗೆ ತಮ್ಮ ಪೂರ್ವಜರು ಗೋವೆ ಬಿಟ್ಟು ಓಡಿಬಂದ ಕಥೆ ಅಜ್ಜಿಯ ಬಾಯಿಂದಲೇ ಗೊತ್ತು. ಅಂಥವರಿಗೆ ಆ ಕಮಾನುಗಳ ಕೆಳಗೆ ನಿಂತು ಸೆಲ್ಫಿ ತೆಗೆಯಲು ಮನಸ್ಸಾಗದಿದ್ದರೆ ತಪ್ಪೆನ್ನಲಾಗದು. ಇನ್ನು ದಾರಿಯ ತಾಪತ್ರಯ. ವಸಾಯಿಗೆ ಹೋಗುವಾಗ ಘೋಡ್‌ಬಂದರ್ ರಸ್ತೆಯ ಟ್ರಾಫಿಕ್, ಅಲಿಬಾಗ್ ಕಡೆಗಾದರೆ ವರ್ಷಾನುಗಟ್ಟಲೆ ಕೆಲಸ ಮುಗಿಯದ ಗೋವಾ ಹೆದ್ದಾರಿ. ಅಷ್ಟು ಕಷ್ಟಪಟ್ಟು ಹೋದರೂ ಅಲ್ಲಿ ನೆರಳಿಲ್ಲ, ಶೌಚಾಲಯವನ್ನು ನಂಬುವಂತಿಲ್ಲ, ಯಾವ ಗೋಡೆ ಯಾವುದೆಂದು ಹೇಳುವ ಫಲಕ ಅಪರೂಪ.

ಹೋಗೋಣ ಎನ್ನುವವರ ವಾದವೂ ಹಗುರವಲ್ಲ. ವಸಾಯಿ ಬರೀ ಪೋರ್ಚುಗೀಸರ ಕಥೆಯಲ್ಲ. ಗುಜರಾತಿನ ಸುಲ್ತಾನ ಬಹಾದೂರ್ ಶಾ 1534ರಲ್ಲಿ ಅದನ್ನು ಅವರಿಗೆ ಬಿಟ್ಟುಕೊಟ್ಟ. 1739ರಲ್ಲಿ ಮರಾಠರ ಸೇನಾಪತಿ ಚಿಮಾಜಿ ಅಪ್ಪಾ ಗೆದ್ದುಕೊಂಡ. ಅಲ್ಲಿನ ಇಗರ್ಜಿಗಳ ಗಂಟೆಗಳು ಮಹಾರಾಷ್ಟ್ರದ ದೇವಸ್ಥಾನಗಳನ್ನು ಸೇರಿದವು. ನಾಸಿಕದ ನಾರೋಶಂಕರ ಗುಡಿಯಲ್ಲಿ ಅಂಥದೊಂದು ಇಂದಿಗೂ ತೂಗುತ್ತಿದೆ. 1802ರ ಡಿಸೆಂಬರ್ 31ರಂದು ಪೇಶ್ವೆ ಎರಡನೆಯ ಬಾಜಿರಾಯ ಬ್ರಿಟಿಷರಿಗೆ ಅಧೀನನಾಗುವ ಒಪ್ಪಂದಕ್ಕೆ ಸಹಿ ಹಾಕಿದ್ದೂ ಇದೇ ವಸಾಯಿಯಲ್ಲಿ. ಗೆಲುವು, ಸೋಲು, ಶರಣಾಗತಿ ಮೂರನ್ನೂ ಒಂದೇ ಆವರಣದಲ್ಲಿ ತೋರಿಸುವ ಜಾಗ ಮಕ್ಕಳಿಗೆ ಇಷ್ಟು ಹತ್ತಿರದಲ್ಲಿ ಇನ್ನೆಲ್ಲಿ ಸಿಕ್ಕೀತು?

ಕನ್ನಡನಾಡಿನ ನಂಟೂ ಇದೆ. ರೇವದಂಡದ ಪಕ್ಕದ ಚೌಲ್ ಬಂದರಿಗೆ ಹದಿನೈದನೆಯ ಶತಮಾನದಲ್ಲಿ, ಪೋರ್ಚುಗೀಸರಿಗಿಂತ ಮೊದಲೇ, ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಬಂದಿಳಿದಿದ್ದ. ಮಾರಲೆಂದು ತಂದ ಕುದುರೆಯೊಂದಿಗೆ ಜುನ್ನರ್ ದಾಟಿ ಅವನು ತಲುಪಿದ್ದು ಬಹಮನಿಗಳ ಬೀದರಿಗೆ. ರೇವದಂಡದ ಎದುರಿನ ಕೊರ್ಲೈಯಲ್ಲಿ ಪೋರ್ಚುಗೀಸ್–ಮರಾಠಿ ಬೆರೆತ ನುಡಿಯನ್ನು ಮನೆಮಾತಾಗಿ ಆಡುವವರು ಇಂದಿಗೂ ಇದ್ದಾರೆ. ಹೊರನಾಡಿನಲ್ಲಿ ಕನ್ನಡ ಉಳಿಸಿಕೊಳ್ಳಲು ಹೆಣಗುವವರಿಗೆ ಆ ಊರೇ ಒಂದು ಪಾಠ.

ಇನ್ನು ಫಲಕ, ಸೌಕರ್ಯ ಇಲ್ಲವೆಂಬ ದೂರು. ಇಂಥ ಜಾಗಗಳಲ್ಲಿ ವ್ಯವಸ್ಥೆ ಚೆನ್ನಾಗಿದ್ದರೆ ಸಾಕೆ? ಅಮೆರಿಕದಲ್ಲಿ ನೆಲೆಸಿದ ನಮ್ಮ ನೆಂಟರು ಮಕ್ಕಳನ್ನು ವರ್ಜೀನಿಯಾದ ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್‌ಗಳಿಗೆ ಕರೆದೊಯ್ಯುತ್ತಾರೆ. ವಿಲಿಯಮ್ಸ್‌ಬರ್ಗಿನ ಹಳೆಯ ಪೇಟೆಯನ್ನು ರಾಕ್‌ಫೆಲರ್ ದುಡ್ಡಿನಲ್ಲಿ 1920ರ ದಶಕದಿಂದ ಹೊಸದಾಗಿ ಎಬ್ಬಿಸಿದರು. ಹಳೆಯ ಕಾಲದ ಉಡುಪು ತೊಟ್ಟವರು ಅಲ್ಲಿ ಕಥೆ ಹೇಳುತ್ತಾರೆ. ಆದರೆ ಒಂದು ಕಾಲಕ್ಕೆ ಆ ಊರಿನ ಸುಮಾರು ಅರ್ಧ ಜನ ಕಪ್ಪುವರ್ಣೀಯರು, ಬಹುಪಾಲು ಗುಲಾಮರು, ಎಂಬುದನ್ನು ಎದ್ದುಕಾಣುವಂತೆ ಹೇಳಲು ಅಲ್ಲಿಯವರಿಗೆ ಹಲವು ದಶಕ ಬೇಕಾಯಿತು. ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಅಮೆರಿಕನ್ನರೆದುರು ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದ. ಯಾರ್ಕ್‌ಟೌನ್‌ನ ವಿಜಯದ ಕಥೆ ಕೇಳಿ ಬರುವ ಕನ್ನಡದ ಮಗುವಿಗೆ ಈ ಮುಂದಿನ ಭಾಗವನ್ನು ಅಪ್ಪ ಅಮ್ಮನೇ ಹೇಳಬೇಕು. ಫಲಕ ಇದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ, ಅರ್ಧ ಕೆಲಸ ಮನೆಯವರದೇ.

ಎರಡೂ ಕಡೆ ತೂಗಿದರೆ ತಕ್ಕಡಿ ಹೋಗುವ ಕಡೆಗೇ ವಾಲುತ್ತದೆ, ಆದರೆ ಷರತ್ತಿನ ಮೇಲೆ. ಊರಿನ ಪ್ರಯಾಣವನ್ನು ಕಡಿತ ಮಾಡಿ ಹೋಗುವುದು ಬೇಡ. ಸಣ್ಣ ರಜೆಗೆ ಇದು, ದೊಡ್ಡ ರಜೆಗೆ ಊರು. ಬೇಸಿಗೆಯಲ್ಲಿ ಬೇಡ, ಡಿಸೆಂಬರ್–ಜನವರಿಯಲ್ಲಿ ಬೆಳಿಗ್ಗೆಯೇ ಹೊರಡಿ. ಒಂದು ದಿನಕ್ಕೆ ಒಂದೇ ಕೋಟೆ. ಕಟ್ಟಿಸಿದವರ ಹೆಸರಿನ ಜೊತೆಗೆ ಅಲ್ಲಿ ನೊಂದವರ ಕಥೆಯನ್ನೂ ಓದಿಕೊಂಡು ಹೋಗಿ. ಅಷ್ಟೂ ಪುರುಸೊತ್ತಿಲ್ಲದಿದ್ದರೆ ಪಕ್ಕದ ಬೇಲಾಪುರ ಕೋಟೆಯಿಂದಲೇ ಶುರುಮಾಡಿ. ಸಿದ್ದಿಗಳು, ಪೋರ್ಚುಗೀಸರು, ಮರಾಠರ ಕೈದಾಟಿ 1817ರಲ್ಲಿ ಬ್ರಿಟಿಷರ ವಶವಾದ ಅದನ್ನು ನೋಡಲು ಅರ್ಧ ದಿನವೂ ಬೇಡ.