ಆ ಹೋಟೆಲ್ ಬಿಲ್ ಯಾರು ಕಟ್ಟಿದ್ರು?

ಫೈವ್ ಸ್ಟಾರ್ ಹೋಟೆಲಿನ ದೊಡ್ಡ ಕೋಣೆಗೆ ಸೂಟ್ ಅಂತಾರೆ. ಕೋಟು-ಸೂಟಿನ ಸೂಟ್ ಅಲ್ಲ ಇದು. ಇಂಗ್ಲಿಷ್ ಬಲ್ಲವರು 'ಸ್ವೀಟ್' ಅನ್ನಬೇಕು ಎಂದು ತಿದ್ದುತ್ತಾರೆ. ಮಲಗಲು ಒಂದು ಕೋಣೆ, ಕೂರಲು ಬೇರೆ ಹಾಲ್, ಸ್ನಾನಕ್ಕೆ ತೊಟ್ಟಿ, ಫೋನ್ ಎತ್ತಿದರೆ ಬಾಗಿಲಿಗೇ ಊಟ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ನಮ್ಮ ಮಂದಿ ಅಂಥ ಕಡೆ ಹೋದರೆ ಹೆಚ್ಚಾಗಿ ಕೆಲಸಕ್ಕೇ ಹೋಗಿರುತ್ತಾರೆ. ಸಿಮೆಂಟು ವಾಡಿ, ಸೇಡಂನಿಂದ ಹೋಗುತ್ತದೆ, ಕಲ್ಲು ಶಹಾಬಾದಿನಿಂದ ಹೋಗುತ್ತದೆ, ಕೈಗಳು ಚಿಂಚೋಳಿ ತಾಂಡಾಗಳಿಂದ ಹೋಗುತ್ತವೆ. ರಾತ್ರಿ ಮಲಗುವವರು ಬೇರೆ.

ನಾವು ಹಾಕಿದ ವೋಟು ಮಾತ್ರ ಹಲವು ಸಲ ಆ ಹಾಸಿಗೆಯಲ್ಲಿ ಮಲಗಿ ಎದ್ದು ಬಂದಿದೆ.

2019ನೇ ಇಸ್ವಿ ನೆನಪು ಮಾಡಿಕೊಳ್ಳಿ. ಜನವರಿಯಲ್ಲಿ ಬಿಜೆಪಿ ಶಾಸಕರನ್ನು ದೆಹಲಿ ಹತ್ತಿರದ ಗುರುಗ್ರಾಮದ ಕಡೆ ಐಟಿಸಿ ಗ್ರ್ಯಾಂಡ್ ಭಾರತ್ ಎಂಬ ಹೋಟೆಲಿನಲ್ಲಿ ಇಟ್ಟಿದ್ದರು. ಅದೇ ತಿಂಗಳ 18ರಂದು ಕಾಂಗ್ರೆಸ್ ತನ್ನ ಶಾಸಕರ ಸಭೆ ಕರೆದು, ಮುಗಿಯುತ್ತಲೇ ಬಸ್ಸು ಹತ್ತಿಸಿ ಬಿಡದಿಯ ಈಗಲ್ಟನ್ ರೆಸಾರ್ಟಿಗೆ ಸಾಗಿಸಿತು. ಅಲ್ಲಿ ಒಂದೇ ಪಕ್ಷದ, ಒಂದೇ ಬಳ್ಳಾರಿ ಜಿಲ್ಲೆಯ ಇಬ್ಬರು ಶಾಸಕರ ನಡುವೆ ಹೊಡೆದಾಟವಾಗಿ ಒಬ್ಬರು ಆಸ್ಪತ್ರೆ ಸೇರಿದರು, ಇನ್ನೊಬ್ಬರ ಮೇಲೆ ಕೇಸಾಯಿತು. ಜುಲೈನಲ್ಲಿ ಜೆಡಿಎಸ್ ಶಾಸಕರು ನಂದಿಬೆಟ್ಟದ ಹತ್ತಿರದ ರೆಸಾರ್ಟಿನಲ್ಲಿ. ರಾಜೀನಾಮೆ ಕೊಟ್ಟವರು ಮುಂಬೈಯಲ್ಲಿ, ಮೊದಲು ಸೋಫಿಟೆಲ್, ಆಮೇಲೆ ಪೊವಾಯಿಯ ರಿನೈಸೆನ್ಸ್. ಬೆಂಗಳೂರಿನಲ್ಲಿ ಶಾಸಕರ ಭವನ ಅಂತ ಒಂದು ಕಟ್ಟಡ ಇದೆ, ಶಾಸಕರು ಉಳಿದುಕೊಳ್ಳಲಿ ಅಂತಲೇ ಕಟ್ಟಿದ್ದು. ಆ ವರ್ಷ ಅದು ಯಾರಿಗೂ ರುಚಿಸಲಿಲ್ಲ.

ಜುಲೈ 10ರ ದೃಶ್ಯ ಬಹಳ ಮಂದಿ ಮೊಬೈಲಿನಲ್ಲೇ ನೋಡಿದ್ದೀರಿ. ಆಗ ಸಚಿವರಾಗಿದ್ದ ಡಿ.ಕೆ. ಶಿವಕುಮಾರ್ ಅದೇ ಪೊವಾಯಿ ಹೋಟೆಲಿನಲ್ಲಿ ತಮ್ಮ ಹೆಸರಿಗೆ ಕೋಣೆ ಬುಕ್ ಮಾಡಿಕೊಂಡು ಹೋದರು. ಹೋಟೆಲಿನವರು ಬುಕಿಂಗ್ ರದ್ದು ಮಾಡಿದರು, ಪೊಲೀಸರು ಗೇಟಿನಲ್ಲೇ ತಡೆದರು, ಸುತ್ತ 144ನೇ ಸೆಕ್ಷನ್ ಹಾಕಿದರು. ಮಳೆಯಲ್ಲಿ ಗಂಟೆಗಟ್ಟಲೆ ನಿಂತ ಅವರನ್ನು ಕೊನೆಗೆ ಪೊಲೀಸರೇ ಕರೆದೊಯ್ದರು. ನಾವು ಅವರ ಪರವಾಗಿ ಇದನ್ನು ಬರೆಯುತ್ತಿಲ್ಲ. 2017ರಲ್ಲಿ ಗುಜರಾತಿನ 44 ಕಾಂಗ್ರೆಸ್ ಶಾಸಕರನ್ನು ಈಗಲ್ಟನ್‌ನಲ್ಲಿ ನೋಡಿಕೊಂಡವರು ಅವರೇ. ಹೇಳಬೇಕಾದ್ದು ಇಷ್ಟು: ಒಬ್ಬ ಮಂತ್ರಿಗೇ ತೆರೆಯದ ಬಾಗಿಲು ಅದು. ಬೋರ್‌ವೆಲ್ ಬತ್ತಿದೆ, ಮಾತಾಡಬೇಕು ಸಾಹೇಬ್ರೇ ಅಂತ ಹಳ್ಳಿಯವನೊಬ್ಬ ಹೋಗಿದ್ದರೆ?

ಆ ವರ್ಷ ನೀರಿನ ಮಾತು ಸುಮ್ಮನೆ ಬಂದದ್ದಲ್ಲ. 2018ರ ಮುಂಗಾರಿಗೆ ಸರ್ಕಾರವೇ 100 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತ್ತು. ಹಿಂಗಾರಿಗೆ ಲೆಕ್ಕ 156ಕ್ಕೆ ಏರಿತು. ಜುಲೈ ಅಂದರೆ ನಮ್ಮ ಕಡೆ ತೊಗರಿ ಬಿತ್ತನೆಯ ಹೊತ್ತು, ಎಲ್ಲರ ಕಣ್ಣು ಮುಗಿಲ ಮೇಲೆ. ಆ ವಾರಗಳಲ್ಲಿ ನಾವು ಕಳಿಸಿದ ಬಿತ್ತನೆ ಬೀಜದ ಸುದ್ದಿಗೆ ಜಾಗ ಸಿಗಲಿಲ್ಲ. 'ರೆಸಾರ್ಟ್ ಬಗ್ಗೆ ನಿಮ್ಮ ತಾಲ್ಲೂಕಿನ ಜನ ಏನಂತಾರೆ, ಎರಡು ಬೈಟ್ ಕಳಿಸಿ' ಎಂದು ಫೋನ್ ಬಂತು. ಜನ ಏನಂತಾರೆ? ಬೈದರು. ಬೈದದ್ದು ಟಿವಿಗೆ ಹಾಕುವ ಹಾಗಿರಲಿಲ್ಲ.

ವಾಡಿ ಜಂಕ್ಷನ್ನಿನಲ್ಲಿ ನಿಂತರೆ ಮುಂಬೈ ಗಾಡಿಯ ಜನರಲ್ ಬೋಗಿ ಹತ್ತುವವರು ಕಾಣುತ್ತಾರೆ. ಚೀಲ, ಪಾತ್ರೆ, ಕಂಕುಳಲ್ಲಿ ಮಗು. ಇದಕ್ಕೆ ನಮ್ಮಲ್ಲಿ ಗುಳೆ ಅಂತಾರೆ. ಶಾಸಕರೂ ಅದೇ ಮುಂಬೈಗೆ ವಿಮಾನದಲ್ಲಿ ಹೋದರು. ಗುಳೆ ಹೋದವರಿಗೆ ಅಲ್ಲಿ ತಗಡಿನ ಶೆಡ್ಡು, ಅವರ ಬಾಡಿಗೆ ಅವರೇ ಕಟ್ಟಬೇಕು. ಇವರ ಬಾಡಿಗೆ ಯಾರು ಕಟ್ಟಿದರು?

ಈ ಪ್ರಶ್ನೆ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದಲ್ಲ. ಸ್ವಂತ ದುಡಿಮೆಯಲ್ಲಿ ಯಾರಾದರೂ ಸೂಟಿನಲ್ಲಿ ಹತ್ತು ದಿನ ಮಲಗಲಿ, ನಮ್ಮ ಗಂಟೇನೂ ಹೋಗುವುದಿಲ್ಲ. ಮದುವೆಯಾದ ಹೊಸ ಜೋಡಿ ಒಂದು ರಾತ್ರಿ ಉಳಿದು ಫೋಟೊ ಹಾಕಿದರೆ ನಾವೂ ಲೈಕ್ ಒತ್ತುತ್ತೇವೆ. ಆದರೆ ನಮ್ಮ ವೋಟಿನಿಂದ ಗೆದ್ದವನು, ವಿಧಾನಸಭೆಯಲ್ಲಿ ಬಹುಮತದ ಲೆಕ್ಕ ನಡೆಯುವ ಹೊತ್ತಿನಲ್ಲೇ, ಬೇರೆಯವರ ರೊಕ್ಕದಲ್ಲಿ ಅಲ್ಲಿ ಉಳಿದರೆ ಆ ರೊಕ್ಕ ಅವನಿಂದ ಏನು ಕೇಳುತ್ತದೆ ಅಂತ ತಿಳಿಯುವ ಹಕ್ಕು ನಮಗಿದೆ.

ಲೆಕ್ಕ ಹಾಕಿ ನೋಡೋಣ. ಆಗ ರಾತ್ರಿಗೆ 7500 ರೂಪಾಯಿ ದಾಟಿದ ಕೋಣೆಗೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು. (2019ರ ಅಕ್ಟೋಬರ್‌ನಿಂದ ಅದನ್ನು 18ಕ್ಕೆ ಇಳಿಸಿದರು.) ದೊಡ್ಡ ಸೂಟಿನ ದರ ಬಿಡಿ, ಕೋಣೆಗೆ ಬರೀ 7500 ಹಿಡಿಯೋಣ. 10 ಜನ, 14 ರಾತ್ರಿ. 10 ಲಕ್ಷ 50 ಸಾವಿರ. ತೆರಿಗೆ 2 ಲಕ್ಷ 94 ಸಾವಿರ. ಒಟ್ಟು 13 ಲಕ್ಷ 44 ಸಾವಿರ, ಅದೂ ಊಟ, ವಿಮಾನ ಬಿಟ್ಟು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 249 ರೂಪಾಯಿ. ಒಂದು ಕೋಣೆಯ ಒಂದು ರಾತ್ರಿಗೆ ಒಬ್ಬ ಕೂಲಿಯವಳ 30 ದಿನ. ಇಡೀ ಬಿಲ್ಲಿಗೆ ಸುಮಾರು 5,400 ಕೂಲಿ ದಿನ.

ಇಷ್ಟು ರೊಕ್ಕ ಗುಟ್ಟಾಗಿ ಕೊಡಲು ಬರುವುದಿಲ್ಲ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳಬಾರದು ಎಂದು 2017ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನೇ ಹೇಳುತ್ತದೆ. ಅಂದರೆ ಕಾನೂನು ಪಾಲಿಸಿದ್ದರೆ ಯಾವುದೋ ಖಾತೆಯಿಂದ, ಯಾರದೋ ಕಾರ್ಡಿನಿಂದ ಹೋಗಿರಬೇಕು. ಪಾಲಿಸದಿದ್ದರೆ ಅದು ಇನ್ನೂ ದೊಡ್ಡ ಸುದ್ದಿ.

ಇನ್ನೊಂದು ಕಡೆ ನೋಡಿ. ಚುನಾವಣೆಗೆ ನಿಂತವನು ಪ್ರಚಾರದಲ್ಲಿ ಕುಡಿಸಿದ ಚಹಾಕ್ಕೂ, ತಂದು ಹಾಕಿದ ಕುರ್ಚಿಗೂ ಲೆಕ್ಕ ಬರೆಯಬೇಕು. ಯಾವುದಕ್ಕೆ ಎಷ್ಟು ದರ ಅಂತ ಜಿಲ್ಲಾ ಚುನಾವಣಾಧಿಕಾರಿ ಪಟ್ಟಿಯನ್ನೇ ಕೊಡುತ್ತಾರೆ. ಆಗ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 28 ಲಕ್ಷ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಒಪ್ಪಿಸಬೇಕು. ಗೆದ್ದ ಮೇಲೆ ಎರಡು ವಾರ ಸೂಟಿನಲ್ಲಿ ಉಳಿದರೆ ಒಂದು ಚೀಟಿಯನ್ನೂ ಮತದಾರನ ಮುಂದೆ ಇಡಬೇಕಿಲ್ಲ. ಸಮೋಸಾಕ್ಕೆ ಲೆಕ್ಕ, ಸೂಟಿಗೆ ಇಲ್ಲ.

'ಕುದುರೆ ವ್ಯಾಪಾರ ನಡೀತದ, ಶಾಸಕರನ್ನು ಕಾಪಾಡಿಕೊಳ್ಳಬೇಕಲ್ರೀ' ಅಂತ ಎಲ್ಲ ಪಕ್ಷದವರೂ ಹೇಳುತ್ತಾರೆ. ಇದು ಹೊಸ ಮಾತಲ್ಲ. 1984ರಲ್ಲಿ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕೆಡವಿದಾಗ ಅವರ ಶಾಸಕರನ್ನು ನಮ್ಮ ನಂದಿಬೆಟ್ಟಕ್ಕೆ ತಂದು ಇಟ್ಟುಕೊಂಡಿದ್ದರು. ಆಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಎನ್‌ಟಿಆರ್ ಒಂದೇ ತಿಂಗಳಲ್ಲಿ ಮತ್ತೆ ಮುಖ್ಯಮಂತ್ರಿಯಾದರು, ಆ ಸಲ ಅನ್ಯಾಯ ಆಗಿದ್ದೂ ನಿಜ ಅಂತ ನಾವೂ ಒಪ್ಪುತ್ತೇವೆ. ಆದರೂ ಒಂದು ಮಾತು. ಟಿಕೆಟ್ ಕೊಡುವಾಗ 'ಇವರು ನಂಬಿಕಸ್ಥ, ಕಣ್ಣುಮುಚ್ಚಿ ವೋಟು ಹಾಕಿ' ಅಂತ ನಮ್ಮೂರ ಕಟ್ಟೆಗೆ ಬಂದು ಹೇಳಿದವರು ನೀವೇ. ಒಂದು ವರ್ಷದಲ್ಲಿ ಅವರ ಫೋನ್ ಕಸಿದು ಕೋಣೆಯಲ್ಲಿ ಕೂರಿಸುವವರೂ ನೀವೇ. ನೀವೇ ನಂಬದವನನ್ನು ನಾವು ಐದು ವರ್ಷ ನಂಬಬೇಕು.

ಪಕ್ಷಾಂತರ ತಡೆಯುವ ಕಾನೂನು 1985ರಿಂದ ಇದೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105ರಲ್ಲಿ ಬಿತ್ತು. ಆಗಿನ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಸರಿ ಎಂದಿತು, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದೂ ಹೇಳಿತು. ಡಿಸೆಂಬರ್ 5ಕ್ಕೆ 15 ಕ್ಷೇತ್ರಗಳಲ್ಲಿ ಮತದಾನ. ಬಿಜೆಪಿ 12 ಗೆದ್ದಿತು. ಅಂದರೆ ಹೋಟೆಲಿನ ಖರ್ಚು ಯಾರದೋ, ಉಪಚುನಾವಣೆಯ ಖರ್ಚು ನಮ್ಮದು.

ಇದು ಚಿಂಚೋಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರ ಊರು ಅದು. ಅಲ್ಲಿಂದ ಕಾಂಗ್ರೆಸ್ಸಿನಲ್ಲಿ ಗೆದ್ದಿದ್ದ ಡಾ. ಉಮೇಶ ಜಾಧವ ಜನವರಿ 18ರ ಆ ಸಭೆಗೆ ಗೈರಾದ ನಾಲ್ವರಲ್ಲಿ ಒಬ್ಬರು. ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು, ಕಲಬುರಗಿ ಲೋಕಸಭೆಗೆ ನಿಂತು ಮಲ್ಲಿಕಾರ್ಜುನ ಖರ್ಗೆಯವರನ್ನು ಸೋಲಿಸಿದರು. ಜುಲೈನ ಮುಂಬೈ ಪಟ್ಟಿಯಲ್ಲಿ ಅವರಿಲ್ಲ, ಅಷ್ಟರಲ್ಲಿ ಸಂಸದರಾಗಿದ್ದರು. ಆದರೆ ಚಿಂಚೋಳಿ ಸೇರಿರುವುದು ಬೀದರ್ ಲೋಕಸಭೆಗೆ. ತಾವು ಗೆಲ್ಲಿಸಿದವರು ಎಂ.ಪಿ.ಯಾಗಬೇಕೋ ಬೇಡವೋ ಅಂತ ವೋಟು ಹಾಕಲು ಚಿಂಚೋಳಿಯವರಿಗೆ ಅವಕಾಶವೇ ಇರಲಿಲ್ಲ. ಏಪ್ರಿಲ್ 23ಕ್ಕೆ ಬೀದರಿಗೆ ವೋಟು ಹಾಕಿ, 26 ದಿನಕ್ಕೆ ಮತ್ತೆ ಮೇ 19ರ ಬಿಸಿಲಲ್ಲಿ ಉಪಚುನಾವಣೆಯ ಸಾಲಿನಲ್ಲಿ ನಿಂತರು. ಗೆದ್ದದ್ದು ಜಾಧವರ ಮಗ.

ಈಗ ನಮ್ಮ ಮನೆಯ ಮಾತಿಗೆ ಬರೋಣ, ಯಾಕೆಂದರೆ ಮೇಲಿನವರನ್ನು ನೋಡಿ ಕೆಳಗಿನವರು ಕಲಿತಾಗಿದೆ. ಗ್ರಾಮ ಪಂಚಾಯ್ತಿ ಅಧ್ಯಕ್ಷರ ಆಯ್ಕೆ ಹತ್ತಿರ ಬಂತೆಂದರೆ ಸದಸ್ಯರ ಫೋನ್ ಸ್ವಿಚ್ಡ್ ಆಫ್. ಎಲ್ಲಿ ಅಂತ ಕೇಳಿದರೆ 'ದೇವರಿಗೆ ಹೋಗ್ಯಾರ' ಅಂತಾರೆ. ಎರಡು ದಿನಕ್ಕೆ ಸ್ಟೇಟಸ್ಸಿನಲ್ಲಿ ಗೋವಾದ ಸಮುದ್ರ ಕಾಣುತ್ತದೆ. ಹೆಣ್ಣುಮಕ್ಕಳ ಸೀಟಿನಲ್ಲಿ ಗೆದ್ದಾಕೆಯ ಜೊತೆ ಗಂಡನೂ ಹೋಗಿರುತ್ತಾನೆ, ಕೆಲವು ಕಡೆ ಗಂಡನೊಬ್ಬನೇ. ನಾವೂ ಆ ಫೋಟೊಗೆ ನಗುವ ಇಮೋಜಿ ಹಾಕಿ ಸುಮ್ಮನಾಗುತ್ತೇವೆ. ಕರೆದುಕೊಂಡು ಹೋದವನು ಗುತ್ತಿಗೆದಾರನೋ ಕಲ್ಲು ಗಣಿಯವನೋ ಊರಿಗೆಲ್ಲ ಗೊತ್ತು. ಆಮೇಲೆ ಸಿಸಿ ರಸ್ತೆ ಆರು ತಿಂಗಳಿಗೆ ಕಿತ್ತು ಬಂದಾಗ ಅವನ ಬಿಲ್ ಪಾಸ್ ಮಾಡಬೇಡಿ ಅನ್ನಲು ಪಂಚಾಯ್ತಿಯಲ್ಲಿ ಒಬ್ಬರಿಗೂ ಬಾಯಿ ಬರುವುದಿಲ್ಲ. ಗ್ರಾಮ ಪಂಚಾಯ್ತಿ ಎಲೆಕ್ಷನ್ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ, ಹಾಗಾಗಿ ವಿಪ್ ಇಲ್ಲ, ಮೇಲಿನವರಿಗೆ ಇರುವ ಅಷ್ಟಿಷ್ಟು ಭಯವೂ ಇಲ್ಲ.

ಶಾಸಕರ ಸೂಟಿನ ಬಾಗಿಲು ತಟ್ಟಲು ನಮ್ಮಿಂದ ಆಗಲಿಕ್ಕಿಲ್ಲ. ಪಂಚಾಯ್ತಿ ಸದಸ್ಯನ ಮನೆ ಬಾಗಿಲು ಮಾತ್ರ ನಮ್ಮ ಓಣಿಯಲ್ಲೇ ಇದೆ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕರೆಯಬೇಕು ಎಂದು ಕಾನೂನಿದೆ. ಅಲ್ಲಿ ಎದ್ದು ನಿಂತು ಮೂರು ಮಾತು ಕೇಳಿ: ಯಾವ ಗಾಡಿಯಲ್ಲಿ ಹೋದಿರಿ, ಯಾವ ಲಾಡ್ಜಿನಲ್ಲಿ ಉಳಿದಿರಿ, ರೊಕ್ಕ ಯಾರು ಕೊಟ್ಟರು. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ ಅಂತ ಪಿಡಿಓಗೆ ಹೇಳಿ. ಬರೆದ ಪುಟದ ಫೋಟೊ ನಮಗೆ ವಾಟ್ಸಾಪ್ ಮಾಡಿ. ಉತ್ತರ ಕೊಟ್ಟಿದ್ದರೆ ಉತ್ತರದ ಸಮೇತ ಹಾಕುತ್ತೇವೆ, ಕೊಡದಿದ್ದರೆ ಕೊಡಲಿಲ್ಲ ಅಂತ ಊರಿನ ಹೆಸರು ಬರೆದು ಹಾಕುತ್ತೇವೆ.