ಬೇಟೆಯ ಪರವಾನಿಗೆಗೆ ಮೊದಲು ಹಾನಿಯ ಲೆಕ್ಕ

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ, ಜೋಳ ಹಾಲುಗಾಳು ತುಂಬುವ ಹೊತ್ತಿಗೆ ಕೊಡೇಕಲ್ ಭಾಗದ ಹಳ್ಳಿಗಳಲ್ಲಿ ಕಾಡುಹಂದಿಯದೇ ಮಾತು. ಗುಡ್ಡದಂಚಿನ, ಹಳ್ಳದ ದಂಡೆಯ ಹೊಲಗಳ ಒಡೆಯರಿಗೆ ರಾತ್ರಿ ನಿದ್ದೆಯಿಲ್ಲ. ಒಂದು ಹಿಂಡು ಒಂದೇ ಇರುಳು ನುಗ್ಗಿದರೂ ಸಾಕು, ತಿಂದದ್ದಕ್ಕಿಂತ ಮೂತಿಯಿಂದ ಉತ್ತು ತುಳಿದು ಕೆಡಿಸಿದ್ದೇ ಹೆಚ್ಚಾಗಿರುತ್ತದೆ. ಹೀಗಾದ ಮೇಲೆ ರೈತರು ಮುಂದಿಡುವ ಬೇಡಿಕೆಯೂ ಸಾಮಾನ್ಯವಾಗಿ ಒಂದೇ: ಹೊಡೆಯಲು ನಮಗೆ ಪರವಾನಿಗೆ ಕೊಡಿಸಿರಿ. ಅಮೆರಿಕದಲ್ಲಿ ಚೀಟಿ ಎತ್ತಿ ಬೇಟೆಗೆ ಅಪ್ಪಣೆ ಕೊಡುತ್ತಾರಂತೆ, ಇಲ್ಲೇಕೆ ಕೊಡಬಾರದು ಎಂದು ಕೇಳುವ ತರುಣರೂ ಇದ್ದಾರೆ. ಕೇಳತಕ್ಕ ಪ್ರಶ್ನೆಯೇ. ಆ ಪದ್ಧತಿ ಏನು, ನಮ್ಮ ಕಾಯ್ದೆ ಏನು ಹೇಳುತ್ತದೆ, ಇದರಲ್ಲಿ ರೈತನಿಗೆ ಹಿತವಾದದ್ದು ಯಾವುದು ಎಂಬುದನ್ನು ಈ ವಾರ ವಿಚಾರಿಸೋಣ.

ಚೀಟಿ ಎತ್ತುವ ಬೇಟೆ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯಿದೆ. ನಮ್ಮ ಕಡವೆಯ ಬಳಗಕ್ಕೇ ಸೇರಿದ್ದು. ಬಲಿತ ಗಂಡು 300 ಕಿಲೋಕ್ಕಿಂತಲೂ ಹೆಚ್ಚು ತೂಗಬಲ್ಲದು. ಮಿತಿಯಿಲ್ಲದ ಬೇಟೆಯಿಂದ 1900ರ ಸುಮಾರಿಗೆ ಇದು ಬಹುಪಾಲು ನಾಶವಾಗಿತ್ತು. ಬಳಿಕ ಬಿಗಿಯಾದ ನಿಯಮಗಳು ಬಂದವು. ಇಂದು ಅದರ ಸಂಖ್ಯೆ ಹತ್ತು ಲಕ್ಷದ ಆಸುಪಾಸಿನಲ್ಲಿದೆ.

ಅಲ್ಲಿ ಕಾಡುಪ್ರಾಣಿ ಜಮೀನಿನ ಒಡೆಯನ ಸೊತ್ತಲ್ಲ. ಜನರ ಪರವಾಗಿ ರಾಜ್ಯ ಸರಕಾರದ ಸುಪರ್ದಿನಲ್ಲಿರುವ ಸೊತ್ತು. ರಾಜ್ಯದ ವನ್ಯಪ್ರಾಣಿ ಇಲಾಖೆಯವರು ಕಾಡು, ಹುಲ್ಲುಗಾವಲುಗಳನ್ನು ವಿಭಾಗಗಳಾಗಿ ಹಂಚಿ, ಪ್ರತಿ ವಿಭಾಗದಲ್ಲಿ ಗಂಡು, ಹೆಣ್ಣು, ಮರಿ ಎಷ್ಟೆಷ್ಟು ಎಂದು ಅಂದಾಜು ಮಾಡುತ್ತಾರೆ. ಆ ಅಂದಾಜಿನ ಮೇಲೆ ಈ ವರ್ಷ ಇಷ್ಟನ್ನು ಹೊಡೆಯಬಹುದು ಎಂದು ಗೊತ್ತುಮಾಡುತ್ತಾರೆ. ಸರಕಾರಿ ಭೂಮಿಯಲ್ಲಿ ಬೇಟೆಯಾಡಬಯಸುವವರಿಂದ ಅರ್ಜಿ ಕರೆಯುತ್ತಾರೆ. ಬೇಡಿಕೆಯ ವಿಭಾಗಗಳಲ್ಲಿ ಅರ್ಜಿಗಳು ಹೆಚ್ಚು, ಪರವಾನಿಗೆ ಕಡಿಮೆ. ಆದ್ದರಿಂದ ಚೀಟಿ ಎತ್ತುತ್ತಾರೆ. ಗೆದ್ದವನಿಗೆ ಒಂದು ಗುರುತುಪಟ್ಟಿ ಸಿಗುತ್ತದೆ. ಗೊತ್ತಾದ ದಿನಗಳಲ್ಲಿ, ಗೊತ್ತಾದ ವಿಭಾಗದಲ್ಲಿ ಒಂದೇ ಪ್ರಾಣಿಯನ್ನು ಹೊಡೆದು, ಆ ಪಟ್ಟಿಯನ್ನು ಅದಕ್ಕೆ ಕಟ್ಟಬೇಕು. ಹಲವು ರಾಜ್ಯಗಳಲ್ಲಿ ಚೀಟಿ ಸಿಗದವನ ಹೆಸರಿಗೆ ಒಂದು ಅಂಕ ಜಮೆಯಾಗುತ್ತದೆ. ಅಂಕ ಕೂಡಿದಂತೆ ಮುಂದಿನ ವರ್ಷಗಳಲ್ಲಿ ಅವಕಾಶ ಹೆಚ್ಚುತ್ತದೆ.

ಬೇಟೆಗಾರರು ಕಟ್ಟುವ ಶುಲ್ಕವೇ ಇಲಾಖೆಯ ದೊಡ್ಡ ಆದಾಯ. 1937ರ ಒಂದು ಕಾನೂನಿನ ಪ್ರಕಾರ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯೂ ವನ್ಯಪ್ರಾಣಿಗಳ ಪಾಲನೆಗೆ ಸಲ್ಲುತ್ತದೆ. ಕೊಲೊರಾಡೊ ರಾಜ್ಯದಲ್ಲಿ ಎಲ್ಕ್ ಹಿಂಡು ರೈತನ ಬೆಳೆಯನ್ನೋ ಬೇಲಿಯನ್ನೋ ಕೆಡಿಸಿದರೆ ಇಲಾಖೆಯೇ ಪರಿಹಾರ ಕೊಡುತ್ತದೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಇಡೀ ವ್ಯವಸ್ಥೆಯಲ್ಲಿ ಚೀಟಿ ಮತ್ತು ಬಂದೂಕು ಕಟ್ಟಕಡೆಗೆ ಬರುತ್ತವೆ. ಮೊದಲು ಬರುವುದು ಎಣಿಕೆ. ಎಷ್ಟಿವೆ, ಎಷ್ಟು ಹಾನಿ ಮಾಡಿವೆ, ಎಷ್ಟು ಕಡಿಮೆಯಾದರೆ ಸಾಕು ಎಂಬ ಲೆಕ್ಕವಿಲ್ಲದೆ ಅಲ್ಲಿ ಒಂದು ಗುರುತುಪಟ್ಟಿಯೂ ಹೊರಬೀಳುವುದಿಲ್ಲ.

ನಮ್ಮಲ್ಲಿ ನಡೆದುಬಂದದ್ದು

ಬೇಟೆ ನಮ್ಮ ಸೀಮೆಗೆ ಹೊಸದಲ್ಲ. ಸುರಪುರ ಬೇಡ ನಾಯಕರ ಸಂಸ್ಥಾನ. ಬೇಟೆ, ಗುರಿ, ಕಾವಲು ಇವು ಇಲ್ಲಿಯ ಜನರ ರಕ್ತದಲ್ಲಿ ಬಂದ ವಿದ್ಯೆಗಳು. ಸ್ವಾತಂತ್ರ್ಯಾನಂತರವೂ ಬೇಟೆಗೆ ಲೈಸೆನ್ಸು ಸಿಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿಯೇ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಲೈಸೆನ್ಸುಗಳಿಗೆ ಅವಕಾಶವಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಅಂದಿನಿಂದ ನಮ್ಮ ದೇಶದಲ್ಲಿ ಶೋಕಿಗಾಗಿ ಬೇಟೆಯ ಲೈಸೆನ್ಸೆಂಬುದಿಲ್ಲ. ಹಬ್ಬದ ಹೆಸರಿನಲ್ಲಿ ಮೊಲ ಹೊಡೆದರೂ ಅಪರಾಧವೇ.

ಹಾಗೆಂದು ರೈತನಿಗೆ ದಾರಿಯೇ ಇಲ್ಲವೆಂದಲ್ಲ. ಕಾಯ್ದೆಯ 11ನೆಯ ಕಲಮು ಒಂದು ಬಾಗಿಲನ್ನು ತೆರೆದಿಟ್ಟಿದೆ. 2022ರ ತಿದ್ದುಪಡಿಯ ಪ್ರಕಾರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಈ ಅನುಸೂಚಿಯ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯಕಾರಿಯಾಗಿದೆಯೆಂದು ಮನವರಿಕೆಯಾದರೆ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯು ಕಾರಣಗಳನ್ನು ಬರೆದು, ಗೊತ್ತಾದ ಪ್ರದೇಶದಲ್ಲಿ ಅದನ್ನು ಹೊಡೆಯಲು ಲಿಖಿತ ಅಪ್ಪಣೆ ಕೊಡಬಹುದು. ಬಾಯಿಮಾತಿನ ಅಪ್ಪಣೆ ಅಪ್ಪಣೆಯಲ್ಲ.

ಆದರೆ ಚಿಗರೆಯ ಮಾತು ಬೇರೆ. ಕೃಷ್ಣಮೃಗವೆಂದು ಕರೆಯುವ ಈ ಪ್ರಾಣಿ ಮೊದಲನೆಯ ಅನುಸೂಚಿಯಲ್ಲಿದೆ. ಬೆಳೆಹಾನಿಯ ಕಾರಣ ತೋರಿಸಿ ಇದನ್ನು ಹೊಡೆಯಲು ಅಪ್ಪಣೆ ಪಡೆಯಲಾಗದು. ಹೊಡೆದರೆ ಕನಿಷ್ಠ ಮೂರು ವರ್ಷ ಸೆರೆವಾಸ. ಅದು ಏಳು ವರ್ಷದವರೆಗೂ ಹೋಗಬಹುದು. ದಂಡ 25,000 ರೂಪಾಯಿಗೆ ಕಡಿಮೆಯಿಲ್ಲ. ಒಂದು ದಿನದ ಬಾಡೂಟಕ್ಕೆ ಇದು ತೀರ ದುಬಾರಿ ಬೆಲೆ.

ಬೇರೆ ರಾಜ್ಯಗಳ ಪಾಠ

ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಗ್ರಾಮ ಪಂಚಾಯಿತಿ ಮುಂತಾದ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಕಾಡುಹಂದಿಯ ಬಗ್ಗೆ ಅಪ್ಪಣೆ ಕೊಡುವ ಅಧಿಕಾರ ನೀಡಿತು. ಲೈಸೆನ್ಸುಳ್ಳ ಬಂದೂಕಿನವರೇ ಹೊಡೆಯಬೇಕು. ವಿಷ, ಸಿಡಿಮದ್ದು, ವಿದ್ಯುತ್ತು ಬಳಸಕೂಡದು. ಸತ್ತ ಪ್ರಾಣಿಯನ್ನು ಹೂಳಬೇಕು ಎಂಬವು ಅದರ ಷರತ್ತುಗಳು. ತೀರ್ಮಾನ ಊರಿನ ಹತ್ತಿರಕ್ಕೆ ಬಂತು ಎಂಬುದು ಇದರ ಗುಣ.

ಬಿಹಾರದ ದಾರಿ ಬೇರೆ. ಕೇಂದ್ರ ಸರಕಾರ 2015ರ ಡಿಸೆಂಬರಿನಲ್ಲಿ ಆ ರಾಜ್ಯದ ಕೆಲವು ಜಿಲ್ಲೆಗಳಲ್ಲಿ ನೀಲಗಾಯಿ ಮತ್ತು ಕಾಡುಹಂದಿಗಳನ್ನು ಒಂದು ವರ್ಷದ ಮಟ್ಟಿಗೆ ಉಪದ್ರವಿ ಪ್ರಾಣಿಗಳೆಂದು ಘೋಷಿಸಿತು. 2016ರಲ್ಲಿ ಮೊಕಾಮಾ ಬಯಲಿಗೆ ಹೊರಗಿನ ಗುರಿಕಾರರನ್ನು ಕರೆಸಿ ನೀಲಗಾಯಿಗಳನ್ನು ಹೊಡೆಸಲಾಯಿತು. ಅದು ದೇಶದಾದ್ಯಂತ ವಾದಕ್ಕೆ ಕಾರಣವಾಯಿತು. ಕೇಂದ್ರದ ಮಂತ್ರಿಗಳೇ ಬಹಿರಂಗವಾಗಿ ಭಿನ್ನಾಭಿಪ್ರಾಯ ತೋರಿದರು. ಇಂಥ ಜಗಳದಲ್ಲಿ ರೈತನ ನಷ್ಟದ ಮಾತು ಹಿಂದೆ ಸರಿದುಬಿಡುತ್ತದೆ.

ನಮ್ಮ ಅಭಿಪ್ರಾಯ ಇಷ್ಟು: ಚೀಟಿಯ ಬೇಟೆ ನಮಗೆ ಹೊಂದುವುದಿಲ್ಲ. ಅಲ್ಲಿ ವಿಶಾಲವಾದ ಸರಕಾರಿ ಕಾಡುಗಳಿವೆ. ಇಲ್ಲಿ ಹೊಲಕ್ಕೆ ಹೊಲ ಹತ್ತಿಕೊಂಡಿದೆ, ನಡುರಾತ್ರಿ ನೀರು ಕಟ್ಟುವವರು ಓಡಾಡುತ್ತಾರೆ, ದನಗಾಹಿಗಳು ಕುರುಚಲಿನಲ್ಲಿ ಮಲಗಿರುತ್ತಾರೆ. ಆದರೆ ಹಾನಿ ಮಿತಿಮೀರಿದ ಕಡೆ, ಊರನ್ನು ಕೇಳಿ, ಇಷ್ಟೇ ಪ್ರಾಣಿಗಳೆಂದು ಗೊತ್ತುಮಾಡಿ, ಅರಣ್ಯ ಇಲಾಖೆಯ ಎದುರಿನಲ್ಲೇ ಹೊಡೆಯುವ ಅಪ್ಪಣೆ ಸಿಗುವುದು ನ್ಯಾಯ. ಬೆಳೆ ಕಳೆದುಕೊಂಡವನು ತಿಂಗಳುಗಟ್ಟಲೆ ಕಾಯುವಂತಾಗಬಾರದು.

ಕಾಗದದಲ್ಲಿಲ್ಲದ ಹಾನಿ

ಈ ನ್ಯಾಯವನ್ನು ಕೇಳಲು ನಮ್ಮ ಕೈಯಲ್ಲಿ ಏನಿದೆ? ಹೆಚ್ಚಿನ ಊರುಗಳಲ್ಲಿ ಏನೂ ಇಲ್ಲ. ಹಂದಿ ಬಿದ್ದ ಮರುದಿನ ರೈತ ಕಟ್ಟೆಯ ಮೇಲೆ ಕುಳಿತು ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳುತ್ತಾನೆ, ಅರ್ಜಿ ಬರೆಯುವುದಿಲ್ಲ. ಕಚೇರಿಗೆ ಅಲೆದಾಡುವ ಖರ್ಚು ಪರಿಹಾರಕ್ಕಿಂತ ಹೆಚ್ಚಾಗುತ್ತದೆ ಎಂಬ ಬೇಸರ ಅವನದು. ಆ ಬೇಸರ ಸುಳ್ಳಲ್ಲ. ಆದರೆ ಅರ್ಜಿಯಾಗದ ಹಾನಿ ಸರಕಾರದ ಕಾಗದದಲ್ಲಿ ಆಗದೇ ಇದ್ದ ಹಾನಿ. ನೂರು ಹೊಲ ಹಾಳಾಗಿ ಮೂರು ಅರ್ಜಿ ಬಂದರೆ, ಆ ಊರಿನಲ್ಲಿ ಮೂರು ಹೊಲವಷ್ಟೇ ಹಾಳಾದಂತೆ.

ಈಗ ಇದಕ್ಕೆ ಇನ್ನೊಂದು ಕಾರಣವೂ ಕೂಡಿದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳ ಹಾವಳಿಯನ್ನೂ 2026ರ ಮುಂಗಾರಿನಿಂದ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಪ್ರಾಣಿ, ಯಾವ ಜಿಲ್ಲೆ ಎಂಬುದನ್ನು ಹಿಂದಿನ ವರ್ಷಗಳ ದಾಖಲೆ ನೋಡಿ ರಾಜ್ಯಗಳೇ ಗೊತ್ತುಮಾಡಬೇಕು. ಹಾನಿಯಾದ 72 ಗಂಟೆಗಳೊಳಗೆ ವಿಮೆಯ ಮೊಬೈಲ್ ಆ್ಯಪಿನಲ್ಲಿ ಫೋಟೋ ಸಮೇತ ತಿಳಿಸಬೇಕು. ದಾಖಲೆಯೇ ಇಲ್ಲದ ಊರು ಇಂಥ ಪಟ್ಟಿಯಲ್ಲಿ ಸೇರುವುದು ಹೇಗೆ? ನಮ್ಮ ಭಾಗಕ್ಕೆ ಇದು ಅನ್ವಯಿಸುತ್ತದೆಯೇ ಎಂಬುದನ್ನು ವಿಮೆ ಕಟ್ಟುವಾಗಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಕೊಳ್ಳಿರಿ.

ಮಾಡತಕ್ಕದ್ದು

ಹಾನಿಯಾದ ಬೆಳಿಗ್ಗೆ ಹೊಲವನ್ನು ಮುಟ್ಟದೆ ಇದ್ದಂತೆಯೇ ಫೋಟೋ ತೆಗೆಯಿರಿ. ಹೆಜ್ಜೆಗುರುತು, ಉತ್ತ ಮಣ್ಣು, ಹೊಲದ ಗುರುತಿನ ಗಿಡ ಅಥವಾ ಒಡ್ಡು ಅದರಲ್ಲಿ ಕಾಣಬೇಕು. ಅಂದೇ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿರಿ. ಸರ್ವೆ ನಂಬರು, ಬೆಳೆಯ ಹೆಸರು, ಬಿತ್ತಿದ ದಿನ, ಹಾಳಾದ ಜಾಗ ಎಷ್ಟು ಗುಂಟೆ ಎಂಬುದನ್ನು ಬರೆದು, ಪಹಣಿ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಲಗತ್ತಿಸಿರಿ. ಪಂಚನಾಮೆಗೆ ಬಂದಾಗ ಜೊತೆಯಲ್ಲಿರಿ. ಅರ್ಜಿ ಮುಟ್ಟಿದ್ದಕ್ಕೆ ಸ್ವೀಕೃತಿ ಪಡೆಯದೆ ಬರಬೇಡಿರಿ. ಅರಣ್ಯ ಇಲಾಖೆಯಿಂದ ಸಿಗುವ ದಯಾತ್ಮಕ ಧನ ಪೂರ್ತಿ ನಷ್ಟವನ್ನು ತುಂಬಲಿಕ್ಕಿಲ್ಲ. ಆದರೂ ಅರ್ಜಿ ಬಿಡಬಾರದು.

ಇದರ ಜೊತೆಗೆ ಪ್ರತಿ ಊರಿನ ವಾಚನಾಲಯದಲ್ಲಿ ಒಂದು ಹಾನಿಯ ಪುಸ್ತಕ ಇಡುವುದು ಒಳ್ಳೆಯದು. ತಾರೀಖು, ರೈತನ ಹೆಸರು, ಸರ್ವೆ ನಂಬರು, ಬೆಳೆ, ಗುಂಟೆ, ಅರ್ಜಿಯ ನಂಬರು ಇಷ್ಟು ಕಾಲಂ ಸಾಕು. ಬರೆಯಲು ಬಾರದವರದನ್ನು ಬಲ್ಲವರು ಬರೆಯಲಿ. ವರ್ಷದ ಕೊನೆಗೆ ಅದನ್ನು ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿ, ತಹಶೀಲ್ದಾರರಿಗೂ ಅರಣ್ಯಾಧಿಕಾರಿಗಳಿಗೂ ಕಳಿಸಿದರೆ, 11ನೆಯ ಕಲಮಿನ ಅಪ್ಪಣೆ ಕೇಳಲು ಅದಕ್ಕಿಂತ ಗಟ್ಟಿಯಾದ ಆಧಾರ ಬೇರೊಂದಿಲ್ಲ.

ಅಲ್ಲಿಯವರೆಗೆ ಬೆಳೆ ಕಾಯುವ ಬಗೆಯನ್ನೂ ನೋಡಬೇಕು. ಹಿಂಗಾರಿ ಶೇಂಗಾದ ಸುತ್ತ ಮುಳ್ಳುಕುಸುಬೆಯ ನಾಲ್ಕು ಸಾಲು ಒತ್ತಾಗಿ ಬಿತ್ತಿದರೆ ಹಂದಿ ಸುಲಭವಾಗಿ ನುಗ್ಗದು. ಕುಸುಬೆಯ ಎಣ್ಣೆಯೂ ಮನೆಗಾಗುತ್ತದೆ. ನಾರಾಯಣಪುರದ ಕಾಲುವೆ ಬಂದ ಮೇಲೆ ನೀರಿನ ಜೊತೆಗೆ ಬಳ್ಳಾರಿ ಜಾಲಿಯ ಪೊದೆಗಳೂ ಹಬ್ಬಿವೆ. ಹಗಲು ಹಂದಿಗಳು ಅಡಗುವುದು ಇಂಥ ಪೊದೆಗಳಲ್ಲಿಯೇ. ಒಬ್ಬನು ಕಡಿದರೆ ಅವು ಪಕ್ಕದವನ ಜಾಲಿಗೆ ಹೋಗುತ್ತವೆ. ಆದ್ದರಿಂದ ಹತ್ತಾರು ಮಂದಿ ಕೂಡಿಯೇ ತೆಗೆಯಬೇಕು. ಸೌರಬೇಲಿಯೂ ಹಾಗೆಯೇ: ಅಕ್ಕಪಕ್ಕದ ಹೊಲಗಳು ಸೇರಿ ಹಾಕಿದರೆ ಖರ್ಚು ಕಡಿಮೆ, ಕಾವಲು ಹೆಚ್ಚು. ಸಹಾಯಧನದ ವಿವರವನ್ನು ರೈತ ಸಂಪರ್ಕ ಕೇಂದ್ರದಲ್ಲಿಯೂ ಅರಣ್ಯ ಕಚೇರಿಯಲ್ಲಿಯೂ ಕೇಳಿರಿ.

ಕಂಬದಿಂದ ನೇರವಾಗಿ ಹೊಲದ ತಂತಿಗೆ ಕರೆಂಟು ಕೊಡುವುದನ್ನು ಮಾತ್ರ ಯಾರೂ ಮಾಡಬಾರದು. ಸೌರಬೇಲಿಯ ತಂತಿ ಕ್ಷಣಮಾತ್ರ ತಟ್ಟಿ ಬಿಡುತ್ತದೆ; ಕಂಬದ ಕರೆಂಟು ಹಿಡಿದರೆ ಬಿಡುವುದಿಲ್ಲ. ರಾತ್ರಿ ಪಂಪು ಚಾಲೂ ಮಾಡಲು ಬಂದ ನೆರೆಯವನೋ, ಮನೆಯ ಮಗನೋ, ಎತ್ತೋ ಅದಕ್ಕೆ ಬಲಿಯಾಗುತ್ತದೆ. ಆಮೇಲೆ ವಿದ್ಯುತ್ ಕಳವಿನ ಜೊತೆಗೆ ನರಹತ್ಯೆಯ ಮೊಕದ್ದಮೆಯೂ ಬೀಳುತ್ತದೆ. ಸಿಡಿಮದ್ದಿನ ಉಂಡೆಯೂ ಅಷ್ಟೇ; ಹಂದಿಗೆಂದು ಇಟ್ಟದ್ದನ್ನು ಮೇಯಲು ಬಂದ ಆಕಳು ಕಚ್ಚುತ್ತದೆ. ನಾಲ್ಕು ಚೀಲ ಶೇಂಗಾ ಉಳಿಸಲು ಹೋಗಿ ಎರಡು ಮನೆ ಹಾಳಾಗುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಸರಕಾರದ ಪಾಲಿನ ಕರ್ತವ್ಯವೂ ಸಣ್ಣದಲ್ಲ. ಅರ್ಜಿ ಬಂದ ವಾರದೊಳಗೆ ಪಂಚನಾಮೆ, ಅದೇ ಹಂಗಾಮಿನಲ್ಲಿ ಪರಿಹಾರ, ಹೋಬಳಿವಾರು ಕಾಡುಹಂದಿಗಳ ಎಣಿಕೆ, ಅಪ್ಪಣೆಯ ತೀರ್ಮಾನ ಜಿಲ್ಲೆಯಲ್ಲಿಯೇ ಆಗುವಂತೆ ವ್ಯವಸ್ಥೆ: ಇವು ಕೂಡಲೇ ಆಗಬೇಕು. ಇವನ್ನು ಗಟ್ಟಿಯಾಗಿ ಕೇಳುವ ಬಲ ರೈತರಿಗೆ ಬರುವುದು ಬರೆದಿಟ್ಟ ಲೆಕ್ಕದಿಂದ. ಈ ಹಂಗಾಮಿನಿಂದಲೇ ಪ್ರತಿ ಊರಿನ ವಾಚನಾಲಯದಲ್ಲಿ ಹಾನಿಯ ಪುಸ್ತಕ ತೆರೆಯಲಿ.