ಪತ್ತಾರನ ಮಗಳ ಮೇಲಿನ ಅಪವಾದ

ಮುದಗಲ್ಲಿನ ಕೋಟೆಯನ್ನು ನೋಡಲು ಹೋದವರಿಗೆ, ಅವರು ಕಂದಕವನ್ನು ದಾಟಿ ಒಳಗೆ ಕಾಲಿಡುವ ಮುನ್ನವೇ, ಯಾರಾದರೊಬ್ಬರು ಒಂದು ಮಾತನ್ನು ಹೇಳದೆ ಬಿಡುವುದಿಲ್ಲ: ಈ ಊರಿನ ಒಬ್ಬ ಪತ್ತಾರನ ಮಗಳಿಗಾಗಿ ವಿಜಯನಗರದ ರಾಯನೂ ಕಲಬುರಗಿಯ ಸುಲ್ತಾನನೂ ಕಾದಾಡಿದರಂತೆ, ಎಂದು. ಸಂತೆಕಲ್ಲೂರಿನ ಸೀಮೆಯಲ್ಲಿ ಬೆಳೆದು, ಈ ಕಥೆಯನ್ನು ಹಿರಿಯರ ಬಾಯಿಂದ ಹತ್ತಾರು ಸಲ ಕೇಳಿದ ನನಗೂ ಬಹುಕಾಲ ಅದರಲ್ಲಿ ಅನುಚಿತವಾದುದೇನೂ ತೋರಿರಲಿಲ್ಲ. ಹೆಣ್ಣು, ಹೊನ್ನು, ಮಣ್ಣು ಎಂಬ ಮೂರರಿಂದ ಮನುಷ್ಯನು ಕೆಡುತ್ತಾನೆಂದು ಹೇಳುವ ನಾಡು ನಮ್ಮದು. ಆ ಮೂರರಲ್ಲಿ ಹೆಣ್ಣನ್ನೇ ಮೊದಲು ಹೆಸರಿಸುವ ನಾಲಗೆಗೆ ಒಂದು ಯುದ್ಧವನ್ನು ಒಬ್ಬ ಹುಡುಗಿಯ ಹೆಸರಿಗೆ ಬರೆದುಬಿಡುವುದು ಕಷ್ಟದ ಕೆಲಸವಲ್ಲ. ಕಥೆಯ ಮೂಲವನ್ನು ಓದಿದ ಮೇಲೆ ಮಾತ್ರ ನನ್ನ ಮನಸ್ಸಿಗೆ ಇದೊಂದು ಅಪವಾದವೆಂದೂ, ಆರು ಶತಮಾನಗಳಿಂದ ನಾವು ಅದನ್ನು ತೊಡೆಯದೆ ಹಾಗೆಯೇ ಹೊತ್ತು ತಂದಿದ್ದೇವೆಂದೂ ಅನ್ನಿಸತೊಡಗಿತು.

ಮೂಲವೆಂದರೆ ಫರಿಷ್ತನ ಗ್ರಂಥ. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಕುಳಿತು, ಘಟನೆ ನಡೆದು ಸುಮಾರು 200 ವರ್ಷಗಳಾದ ಮೇಲೆ ಪಾರಸೀಕದಲ್ಲಿ ಬರೆದ ಇತಿಹಾಸಕಾರನೀತ. ಆತನ ಲೇಖನಿಗೆ ಬಹಮನಿ ಸುಲ್ತಾನರ ಮೇಲೆ ಪಕ್ಷಪಾತವಿದ್ದುದು ಸಹಜ. ಆತನು ಕೊಡುವ ಸಂಖ್ಯೆಗಳನ್ನು ಹಾಗೆಯೇ ನುಂಗಬೇಕಾದ ಕಾರಣವೂ ಇಲ್ಲ. ಆದರೂ ಆತನು ಹೇಳುವ ಕಥೆಯಲ್ಲಿ, ಆತನ ಉದ್ದೇಶವನ್ನೂ ಮೀರಿ, ಒಂದು ಮನೆಯ ಒಳಗಣ ಮಾತು ನಮ್ಮ ಕಿವಿಗೆ ಬೀಳುತ್ತದೆ.

ಮುದಗಲ್ಲಿನಲ್ಲಿ ಒಬ್ಬ ಪತ್ತಾರನಿದ್ದನು. ಆತನಿಗೆ ಒಬ್ಬ ಮಗಳು. ಆಕೆಯ ಹೆಸರನ್ನು ಒಬ್ಬ ಅನುವಾದಕನು ಪೆರ್ತಾಲ್ ಎಂದು ಓದಿದ್ದಾನೆ, ಮತ್ತೊಬ್ಬನು ನೆಹಾಲ್ ಎಂದು. ಕಾಶಿಯಾತ್ರೆಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬನು ಆ ಮನೆಯಲ್ಲಿ ತಂಗಿ, ಹುಡುಗಿಯ ರೂಪಕ್ಕೂ ಬುದ್ಧಿಗೂ ಬೆರಗಾಗಿ, ಸುಮಾರು ಒಂದೂವರೆ ವರ್ಷ ಅಲ್ಲಿಯೇ ನಿಂತು ಆಕೆಗೆ ಸಂಗೀತವನ್ನು ಕಲಿಸಿ, ಅನಂತರ ವಿಜಯನಗರಕ್ಕೆ ಹೋಗಿ ರಾಯನ ಮುಂದೆ ಆಕೆಯನ್ನು ವರ್ಣಿಸಿದನಂತೆ. ಆಗ ಪಟ್ಟದಲ್ಲಿದ್ದವನು 1406ರಲ್ಲಿ ಸಿಂಹಾಸನವನ್ನೇರಿದ ಮೊದಲನೆಯ ದೇವರಾಯ. ಆತನು ಅದೇ ಬ್ರಾಹ್ಮಣನ ಕೈಯಲ್ಲಿ ಉಡುಗೊರೆಗಳನ್ನೂ, ರಾಣಿಯ ಪದವಿಯನ್ನು ಕೊಡುವೆನೆಂಬ ಮಾತನ್ನೂ ಕಳುಹಿಸಿದನು. ತಾಯಿತಂದೆಗಳು ಹಿಗ್ಗಿದರು. ಹಿಗ್ಗದಿದ್ದವಳು ಹುಡುಗಿ ಒಬ್ಬಳೇ. ರಾಯನ ಅಂತಃಪುರವನ್ನು ಹೊಕ್ಕ ಹೆಣ್ಣು ಮತ್ತೆ ತನ್ನ ತಾಯಿತಂದೆಗಳ ಮುಖವನ್ನು ನೋಡಲಾರಳು. ಹಾಗಿರುವಾಗ ಯಾವ ಒಡವೆಯ ಆಸೆಗೂ ತಾನು ಹೆತ್ತವರನ್ನು ಬಿಟ್ಟು ಹೋಗಲೊಲ್ಲೆನೆಂದು ಆಕೆ ಹೇಳಿದಳು. ಒಳಗೊಳಗೆ ಆಕೆಗೆ ಸುಲ್ತಾನರ ಮನೆಯ ಸೊಸೆಯಾಗುವ ಸೂಚನೆಯಿತ್ತೆಂದು ಫರಿಷ್ತನು ಸೇರಿಸುತ್ತಾನೆ. ಅದು ಒಡೆಯರ ಋಣ ತೀರಿಸಲು ಬರೆದ ಸಾಲೆಂದು ನಾನು ಪಕ್ಕಕ್ಕಿಡುತ್ತೇನೆ. ಮೊದಲಿನ ಮಾತು ಮಾತ್ರ ಹಾಗಲ್ಲ. ಅದರ ಸತ್ಯಕ್ಕೆ ಬೇರೊಬ್ಬನ ಸಾಕ್ಷ್ಯವಿದೆ: 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು, ಅಂದಿನ ರಾಯನ ಅಂತಃಪುರದಲ್ಲಿ 700 ಮಂದಿ ಸ್ತ್ರೀಯರಿದ್ದರೆಂದೂ, ನಾಡಿನಲ್ಲಿ ಚೆಲುವೆಯೊಬ್ಬಳು ಕಂಡುಬಂದರೆ ಹೆತ್ತವರನ್ನು ಒಪ್ಪಿಸಿ ಆಕೆಯನ್ನು ವೈಭವದಿಂದ ಕರೆತರುತ್ತಿದ್ದರೆಂದೂ, ಆ ಬಳಿಕ ಆಕೆಯನ್ನು ಯಾರೂ ಕಾಣುವಂತಿರಲಿಲ್ಲವೆಂದೂ ಬರೆದಿದ್ದಾನೆ. ಒಪ್ಪಿಗೆಯನ್ನು ಕೇಳುತ್ತಿದ್ದುದು ಹೆತ್ತವರನ್ನು ಎಂಬುದನ್ನು ಓದುಗರು ಗಮನಿಸಬೇಕು.

ಹೀಗೆ ಒಲ್ಲೆನೆಂದವಳನ್ನು ಎಳೆದು ತರಲು ರಾಯನು ದಂಡೆತ್ತಿ ತುಂಗಭದ್ರೆಯ ದಡಕ್ಕೆ ಬಂದು, ಅಲ್ಲಿಂದ 5000 ಕುದುರೆಗಳನ್ನು ಮುದಗಲ್ಲಿಗೆ ಅಟ್ಟಿದನೆಂಬುದು ಕಥೆಯ ಮುಂದಿನ ಭಾಗ. ಮುಂಚಿತವಾಗಿ ಹೇಳಿಕಳುಹಿಸುವ ವ್ಯವಧಾನ ಯಾರಿಗೂ ಇರಲಿಲ್ಲವಾದ್ದರಿಂದ, ದಂಡಿನ ಧೂಳನ್ನು ಕಂಡ ಊರವರು ಪತ್ತಾರನ ಕುಟುಂಬವನ್ನೂ ಕೂಡಿಕೊಂಡು ಓಡಿಹೋದರು. ಬರಿಗೈಯಲ್ಲಿ ಹಿಂದಿರುಗಬೇಕಾದ ಸವಾರರು ದಾರಿಯ ಊರುಗಳನ್ನು ಸುಲಿದರು. ಆ ದಾರಿಯಲ್ಲಿ ನಮ್ಮ ಸೀಮೆಯ ಹಳ್ಳಿಗಳು ಇದ್ದಿರಲೇಬೇಕು. ಮುದಗಲ್ಲಿಗೂ ತುಂಗಭದ್ರೆಗೂ ನಡುವೆ ಇರುವವರು ನಾವಲ್ಲವೇ! ಸುಲಿಗೆಯ ನೆಪ ಸಿಕ್ಕಿತು. ಸುಲ್ತಾನ್ ಫಿರೋಜ್ ಷಾ ಬಹಮನಿಯು ಸೈನ್ಯದೊಡನೆ ಹೊರಟನು.

ಈಗ ಈ ಯುದ್ಧದ ಕಾರಣವನ್ನು ಕುರಿತು ಒಂದು ಮಾತು. ಕೃಷ್ಣೆಗೂ ತುಂಗಭದ್ರೆಗೂ ನಡುವಣ ಈ ಎಡೆದೊರೆ ನಾಡು, ಪತ್ತಾರನ ಮಗಳು ಹುಟ್ಟುವುದಕ್ಕೆ ಶತಮಾನಗಳ ಮೊದಲೇ ದಂಡುಗಳ ಕಾಲ್ತುಳಿತಕ್ಕೆ ಸಿಕ್ಕಿದ್ದಿತು. ಚಾಲುಕ್ಯ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ ಯುದ್ಧ ನಡೆದ ಮುಸಂಗಿಯನ್ನು ಅನೇಕ ವಿದ್ವಾಂಸರು ನಮ್ಮ ಮಸ್ಕಿಯೆಂದೇ ಗುರುತಿಸುತ್ತಾರೆ. ಬುಕ್ಕರಾಯನು ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದುದು 1366ರ ಸುಮಾರಿನಲ್ಲಿ; 1398ರಲ್ಲಿ ಎರಡನೆಯ ಹರಿಹರನ ದಂಡು ಮತ್ತೆ ಇಲ್ಲಿಗೇ ಬಂದಿತು. ದೇವರಾಯನ ಕಾಲದ ಮೇಲೆಯೂ 1443ರಲ್ಲಿ, 1520ರಲ್ಲಿ ಈ ನೆಲಕ್ಕಾಗಿಯೇ ರಕ್ತ ಹರಿಯಿತು. ಎರಡು ನದಿಗಳ ನಡುವಣ ಎರೆಮಣ್ಣು, ರಾಯಚೂರು ಮುದಗಲ್ಲುಗಳೆಂಬ ಎರಡು ಕೋಟೆಗಳು, ನೆಲದ ಕೆಳಗೆ ಹಟ್ಟಿಯ ಚಿನ್ನ. ಅಶೋಕನ ಮಸ್ಕಿಯ ಶಾಸನವೂ 1915ರಲ್ಲಿ ಕಣ್ಣಿಗೆ ಬಿದ್ದುದು ಚಿನ್ನದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೇ ಎಂಬುದನ್ನು ಇಲ್ಲಿ ನೆನೆಯಬಹುದು. ಮಣ್ಣೂ ಹೊನ್ನೂ ಇಷ್ಟು ಹೇರಳವಾಗಿ ಕಾರಣಗಳಾಗಿ ಬಿದ್ದಿರುವಾಗ, ಮನೆಯಲ್ಲಿ ಕುಳಿತು ಒಲ್ಲೆನೆಂದ ಹೆಣ್ಣನ್ನು ಕಾರಣವೆಂದು ಕರೆಯುವುದು ಯಾವ ನ್ಯಾಯ?

ಯುದ್ಧವು ರಾಯನಿಗೆ ಅನುಕೂಲವಾಗಿ ಮುಗಿಯಲಿಲ್ಲ. ಸಂಧಿಯ ಷರತ್ತುಗಳನ್ನು ಫರಿಷ್ತನು ಅಂಗಡಿಯ ಲೆಕ್ಕದಂತೆ ಬರೆದಿಟ್ಟಿದ್ದಾನೆ: ಹತ್ತು ಲಕ್ಷ ಹೊನ್ನು, ಐದು ಮಣ ಮುತ್ತು, 50 ಆನೆಗಳು, ಹಾಡುವವರೂ ಕುಣಿಯುವವರೂ ಸೇರಿದಂತೆ 2000 ದಾಸದಾಸಿಯರು, ಮತ್ತು ರಾಯನ ಒಬ್ಬ ಮಗಳು. ಆ ಮಗಳಿಗೆ ಬಳುವಳಿಯಾಗಿ ಇಂದಿನ ಹಾವೇರಿ ಜಿಲ್ಲೆಯಲ್ಲಿರುವ ಬಂಕಾಪುರದ ಕೋಟೆ. ಪತ್ತಾರನ ಮಗಳಿಗೆ ಒಂದಕ್ಕೆ ಎರಡಾಗಿ ಹೆಸರುಗಳು ಉಳಿದಿವೆ. ಕೋಟೆಯೊಡನೆ ಕೈಯೆತ್ತಿ ಕೊಡಲ್ಪಟ್ಟ ಈ ರಾಜಪುತ್ರಿಯ ಹೆಸರನ್ನು ಮಾತ್ರ ಆ ಇತಿಹಾಸಕಾರನು ಬರೆಯಲಿಲ್ಲ. ಆನೆಗಳ ಸಂಖ್ಯೆಯನ್ನು ಬರೆದನು.

ಮದುವೆಯ ಸಂಭ್ರಮಕ್ಕೆ ಕೊರತೆಯಿರಲಿಲ್ಲ. 40 ದಿನಗಳ ಕಾಲ, ನಗರಕ್ಕೂ ಸುಲ್ತಾನನ ಪಾಳೆಯಕ್ಕೂ ನಡುವಣ ಹಾದಿಯ ಇಕ್ಕೆಲಗಳಲ್ಲಿ ಅಂಗಡಿಗಳೆದ್ದು, ಆಟಗಾರರೂ ಗಾರುಡಿಗರೂ ನೆರೆದರು. ಸುಲ್ತಾನನು ವಧುವಿನೊಡನೆ ಮಾವನ ಮನೆಗೆ ಬಂದಾಗ ಬೀದಿಗೆ ಮಖಮಲ್ಲನ್ನೂ ಪಟ್ಟೆಯನ್ನೂ ಹಾಸಿದ್ದರು. ಮೂರು ದಿನಗಳ ಆತಿಥ್ಯವಾಯಿತು. ಹೊರಡುವಾಗ ರಾಯನು ಸ್ವಲ್ಪ ದೂರ ಜೊತೆಯಲ್ಲಿ ಬಂದು, ಅಲ್ಲಿಂದಲೇ ಹಿಂದಿರುಗಿದನು. ತನ್ನ ಪಾಳೆಯದವರೆಗೂ ಬಂದು ಕಳುಹಿಸಲಿಲ್ಲವೆಂದು ಫಿರೋಜನು ಮುನಿದು, ಈ ಅವಮಾನಕ್ಕೆ ಒಂದು ದಿನ ಪ್ರತೀಕಾರವನ್ನು ತೀರಿಸುವೆನೆಂದು ತನ್ನ ಮಂತ್ರಿ ಮೀರ್ ಫಜಲುಲ್ಲಾ ಇಂಜುವಿನ ಮುಂದೆ ನುಡಿದನು. ಈ ಭಾಗವನ್ನು ಓದುವಾಗ ನನಗೆ ನಗು ಬರುತ್ತದೆ, ಏಕೆಂದರೆ ಇದನ್ನು ಅರ್ಥಮಾಡಿಕೊಳ್ಳಲು ಪಾರಸೀಕ ಗ್ರಂಥವೇ ಬೇಕಾಗಿಲ್ಲ. ಬೀಗರನ್ನು ಅಗಸಿಯವರೆಗೆ ಕಳುಹಿಸಲಿಲ್ಲವೆಂದು, ಊಟದ ಪಂಕ್ತಿಯಲ್ಲಿ ಮೊದಲು ಕೂರಿಸಲಿಲ್ಲವೆಂದು ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇವೆ. ವ್ಯತ್ಯಾಸವಿಷ್ಟೇ: ನಮ್ಮ ಬೀಗರ ಬಳಿ ಆನೆಕುದುರೆಗಳಿರುವುದಿಲ್ಲ. ರಾಯನಿಗೂ ಸುಲ್ತಾನನಿಗೂ ಇದ್ದುವು. 1417ರಲ್ಲಿ ಸುಲ್ತಾನನು ಪಾನಗಲ್ಲಿನ ಕೋಟೆಗೆ ಹಾಕಿದ ಮುತ್ತಿಗೆ ಎರಡು ವರ್ಷ ನಡೆದು, ಕೊನೆಗೆ ಮಾವನ ಸೈನ್ಯವು ಅಳಿಯನ ಸೈನ್ಯವನ್ನು ಮುರಿದೋಡಿಸಿತು.

ಹೀಗೆ ಹೆಣ್ಣನ್ನೂ ಕೋಟೆಯನ್ನೂ ಒಂದೇ ಲೆಕ್ಕದಲ್ಲಿ ಬರೆಯುವುದು ನಮ್ಮ ನೆಲದ ವಿಶೇಷ ದೋಷವೆಂದು ಯಾರೂ ಭಾವಿಸಬಾರದು. ಫ್ರಾನ್ಸ್ ದೇಶದ ಮಧ್ಯಯುಗದ ಸಾಮಂತರ ಸಂಸಾರಗಳನ್ನು ತೆರೆದು ನೋಡಿದರೆ ಅಲ್ಲಿಯೂ ಇದೇ ಲೆಕ್ಕ. ಅಕ್ವಿಟೇನ್ ನಾಡಿನ ಒಡತಿ ಎಲಿಯನೋರಳು 1137ರಲ್ಲಿ ಫ್ರಾನ್ಸಿನ ಏಳನೆಯ ಲೂಯಿಯನ್ನು ವರಿಸಿ, 15 ವರ್ಷಗಳ ಮೇಲೆ ಆ ವಿವಾಹವು ರದ್ದಾಗಿ, ಎರಡು ತಿಂಗಳು ಕಳೆಯುವುದರೊಳಗೆ ನಾರ್ಮಂಡಿಯ ಡ್ಯೂಕನೂ ಆಂಜೂ ನಾಡಿನ ಕೌಂಟನೂ ಆಗಿದ್ದ ಹೆನ್ರಿಯನ್ನು ಮದುವೆಯಾದಳು. ಆಕೆ ಎತ್ತ ಹೋದಳೋ ಅತ್ತ ಅಕ್ವಿಟೇನ್ ಹೋಯಿತು, ಲೂಯಿಗೆ ಹೆತ್ತ ಇಬ್ಬರು ಹೆಣ್ಣುಮಕ್ಕಳು ಮಾತ್ರ ತಂದೆಯ ಬಳಿಯೇ ಉಳಿದರು. ಅದೇ ಲೂಯಿಯು ಎರಡನೆಯ ಹೆಂಡತಿಯಲ್ಲಿ ಪಡೆದ ಮಗಳು ಮಾರ್ಗರೆಟಳಿಗೆ ವೆಕ್ಸಿನ್ ಎಂಬ ಗಡಿನಾಡಿನ ಕೋಟೆಗಳನ್ನು ಬಳುವಳಿಯಾಗಿ ಗೊತ್ತುಮಾಡಿದ್ದಿತು. ಮದುವೆಯಾಗುವವರೆಗೆ ಕೋಟೆಗಳು ಕೈಸೇರುವಂತಿರಲಿಲ್ಲ. ಹೆನ್ರಿಗೆ ಕಾಯುವ ತಾಳ್ಮೆಯಿರಲಿಲ್ಲ. 1160ರಲ್ಲಿ ಐದು ವರ್ಷದ ತನ್ನ ಮಗನಿಗೂ ಮೂರರ ಆಸುಪಾಸಿನ ಆ ಕೂಸಿಗೂ ಮದುವೆಯನ್ನು ಮಾಡಿಸಿ ಕೋಟೆಗಳನ್ನು ವಶಪಡಿಸಿಕೊಂಡನು. ಬಂಕಾಪುರಕ್ಕೂ ವೆಕ್ಸಿನ್ನಿಗೂ ನಡುವೆ ಸಮುದ್ರಗಳಿವೆ. ಅಂತರ ಮಾತ್ರ ಕಾಣದು.

ಅಷ್ಟು ದೂರ ಏಕೆ, ಸೊಲ್ಲಾಪುರದ ಕಥೆಯನ್ನೇ ತೆಗೆದುಕೊಳ್ಳಬಹುದು. ಬಿಜಾಪುರದ ಇಸ್ಮಾಯಿಲ್ ಆದಿಲಶಾಹನ ತಂಗಿ ಮರಿಯಮ್ಮಳನ್ನು 1524ರ ಸುಮಾರಿನಲ್ಲಿ ಅಹಮದನಗರದ ಬುರ್ಹಾನ್ ನಿಜಾಮಶಾಹನಿಗೆ ಕೊಟ್ಟಾಗ ಸೊಲ್ಲಾಪುರದ ಕೋಟೆಯನ್ನು ಬಳುವಳಿಯೆಂದು ಒಪ್ಪಿ, ಆಮೇಲೆ ಕೊಡದೆ ಹೋದರು. ಆ ಬಾಕಿಯ ಹೆಸರಿನಲ್ಲಿ ಎರಡು ರಾಜ್ಯಗಳು ನಲವತ್ತು ವರ್ಷ ಹೊಡೆದಾಡಿದುವು. ಕೊನೆಗೆ, ರಕ್ಕಸತಂಗಡಿ ಯುದ್ಧದ ಮುನ್ನ, ಅಹಮದನಗರದ ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲಶಾಹನಿಗೆ ಕೊಡುವಾಗ ಅದೇ ಸೊಲ್ಲಾಪುರವು ಮತ್ತೆ ಬಳುವಳಿಯಾಗಿ ಇತ್ತಿಂದತ್ತ ಹೋಯಿತು.

ಫಿರೋಜನ ವಿಚಾರಕ್ಕೆ ಮರಳೋಣ. ಆತನು ಸಾಮಾನ್ಯನಲ್ಲ, ಪಂಡಿತ, ಬಹುಭಾಷಾಕೋವಿದ, ಭೀಮಾತೀರದ ಫಿರೋಜಾಬಾದಿನಲ್ಲಿ ಹೊಸ ನಗರವನ್ನೇ ಕಟ್ಟಿಸಿದವನು. ಆತನ ಅಂತಃಪುರದಲ್ಲಿ ಅರಬರು, ತುರುಕರು, ರಷ್ಯದವರು, ಯೂರೋಪಿಯನರು, ಚೀಣರು, ಬಂಗಾಳಿಗಳು, ತೆಲುಗರು, ಮರಾಠರು ಎಂದು ನಾನಾ ದೇಶದ ಸ್ತ್ರೀಯರಿದ್ದರೆಂದೂ, ಪ್ರತಿಯೊಬ್ಬಳೊಡನೆಯೂ ಆಕೆಯ ನುಡಿಯಲ್ಲಿಯೇ ಆತನು ಮಾತನಾಡಬಲ್ಲವನಾಗಿದ್ದನೆಂದೂ ಫರಿಷ್ತನು ಹೆಮ್ಮೆಯಿಂದ ಹೇಳುತ್ತಾನೆ. ಖೇರ್ಲಾದ ನರಸಿಂಗರಾಯನ ಮಗಳೂ ಹೀಗೆಯೇ ಒಂದು ಸಂಧಿಯ ಫಲವಾಗಿ ಅಲ್ಲಿಗೆ ಬಂದವಳು. ಇಷ್ಟೊಂದು ಭಾಷೆಗಳನ್ನು ಬಲ್ಲ ಗಂಡಸಿಗೆ, ಅವುಗಳಲ್ಲಿ ಯಾವುದಾದರೊಂದರಲ್ಲಿ ಒಲ್ಲೆನೆಂಬ ಮಾತು ಕೇಳಿಸಿತ್ತೋ ಏನೋ.

ಮದುವೆಯಾದ ಮೇಲೆ ಸುಲ್ತಾನನು ಪತ್ತಾರನ ಕುಟುಂಬವನ್ನು ಕರೆಸಿದನು. ಹುಡುಗಿಯನ್ನು ಕಂಡು, ತನಗೆ ವಯಸ್ಸಾಯಿತೆಂದು ಹೇಳಿ, ಆಕೆಯನ್ನು ತನ್ನ ಮಗ ಹಸನ್ ಖಾನನಿಗೆ ಕೊಟ್ಟು ಮದುವೆಮಾಡಿಸಿದನು; ಹೆತ್ತವರಿಗೆ ಉಡುಗೊರೆಗಳು ದೊರೆತುವು. ಅಂದು ಮುದಗಲ್ಲಿನ ಮನೆಯಲ್ಲಿ ರಾಯನ ಒಡವೆಯನ್ನು ಹಿಂದಕ್ಕೆ ಸರಿಸಿದವಳು ಈ ಸಲ ಏನೆಂದಳೆಂಬುದಕ್ಕೆ ಗ್ರಂಥದಲ್ಲಿ ಒಂದು ಸಾಲೂ ಇಲ್ಲ. ರಾಯನ ಮನೆಗೆ ಒಲ್ಲೆನೆಂದುದನ್ನು ಅಷ್ಟು ವಿಸ್ತರಿಸಿ ಬರೆದವನು ಸುಲ್ತಾನನ ಮನೆಗೆ ಒಪ್ಪಿದಳೇ ಎಂಬುದನ್ನು ಬರೆಯಲಿಲ್ಲವಾದರೆ, ಆ ಮೌನವನ್ನು ಒಪ್ಪಿಗೆಯೆಂದು ಎಣಿಸಲು ನಾನು ಸಿದ್ಧನಿಲ್ಲ. 1422ರಲ್ಲಿ ಫಿರೋಜನ ಆಳ್ವಿಕೆ ಮುಗಿದಾಗ ಪಟ್ಟವು ಮಗನಿಗೆ ಬರಲಿಲ್ಲ. ತಮ್ಮ ಅಹಮದನು ಅದನ್ನು ಆಕ್ರಮಿಸಿದನು. ಹಸನ್ ಖಾನನು ಫಿರೋಜಾಬಾದಿನ ಅರಮನೆಯಲ್ಲಿ ಜಹಗೀರಿಯನ್ನುಂಡು ಕಾಲ ಕಳೆದು, ಅಹಮದನ ತರುವಾಯ ಪಟ್ಟಕ್ಕೆ ಬಂದವನ ಆಜ್ಞೆಯಿಂದ ಕಣ್ಣುಗಳನ್ನು ಕಳೆದುಕೊಂಡನು. ಆ ಮನೆಯ ಸೊಸೆ ಆಕೆ.

ಮುದಗಲ್ಲಿನ ಕೋಟೆಗೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರಲ್ಲಿಯೂ, ಬಂದವರಿಗೆ ಕಥೆ ಹೇಳುವ ಹಿರಿಯರಲ್ಲಿಯೂ ನನ್ನದೊಂದು ವಿಜ್ಞಾಪನೆ. ಇನ್ನು ಮೇಲೆ ಹುಡುಗಿಗಾಗಿ ಯುದ್ಧವಾಯಿತೆಂದು ಹೇಳಬೇಡಿ. ಇಬ್ಬರು ಅರಸರು ಈ ನೆಲಕ್ಕಾಗಿ ಕಾದಾಡಿದರೆನ್ನಿ; ಅದೇ ಕಾಲದಲ್ಲಿ ಈ ಊರಿನ ಪತ್ತಾರನ ಮಗಳೊಬ್ಬಳು, ಅಪ್ಪ ಅವ್ವನನ್ನು ಮತ್ತೆ ನೋಡಲು ಬಿಡದ ಮನೆಗೆ ತಾನು ಹೋಗಲೊಲ್ಲೆನೆಂದು ಹೇಳಿದಳೆನ್ನಿ. ಆಕೆಯ ಹೆಸರನ್ನೂ ಹೇಳಿ.